ಯುದ್ಧಕಾಲದ ಊರು-ನೋಟು ಕೂಡಿಡೋದು ಹೇಗೆ? ಜರ್ಮನಿಯ ನೋಟ್‌ಗೆಲ್ಡ್‌ನಿಂದ ಶುರು ಮಾಡೋರಿಗೆ

ಹಳೇ ನೋಟು ಕಲೆಕ್ಟ್ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ ಅಂತ ಯಾರಾದ್ರೂ ಕೇಳಿದ್ರೆ ನಾನು ಜರ್ಮನಿಯ ನೋಟ್‌ಗೆಲ್ಡ್ ಕಡೆ ಕೈ ತೋರಿಸ್ತೀನಿ. ಮೊದಲನೇ ಮಹಾಯುದ್ಧದ ಟೈಮಲ್ಲಿ ಮತ್ತೆ ಅದಾದ್ಮೇಲೆ ಕೆಲವು ವರ್ಷ, ಸರ್ಕಾರದ ದುಡ್ಡು ಸಾಲ್ದೇ ಹೋದಾಗ ಅಲ್ಲಿನ ಊರೂರಿನ ಪುರಸಭೆ, ಜಿಲ್ಲಾಡಳಿತ, ಫ್ಯಾಕ್ಟರಿ, ಬ್ಯಾಂಕು, ಕೊನೆಗೆ ರೈಲ್ವೆಯವ್ರೂ ತಾವೇ ಛಾಪಿಸಿ ಹಂಚಿದ ಕಾಗದದ ದುಡ್ಡು ಅದು, ಹೆಸರಿನ ಅರ್ಥನೇ ತುರ್ತು ದುಡ್ಡು ಅಂತ. 1914ರಿಂದ 1924ರವರೆಗೆ ಹತ್ತು ವರ್ಷದ ಆಟ, ಸಾವಿರಾರು ಊರು, ಎಣಿಸೋಕೇ ಆಗದಷ್ಟು ಡಿಸೈನು. ನೂರು ವರ್ಷ ಹಳೇ ಅಸಲಿ ನೋಟು ಒಂದೆರಡು ಯೂರೋಗೂ ಸಿಗತ್ತೆ, ಬೇರೆ ಯಾವ ಹಳೇ ದುಡ್ಡಲ್ಲೂ ಈ ಸವಲತ್ತು ಸುಲಭಕ್ಕೆ ಸಿಗಲ್ಲ.

ಆದ್ರೆ ಚೀಪಾಗಿ ಸಿಗತ್ತೆ, ನೋಡೋಕೆ ಚೆಂದ ಇದೆ ಅಂತ ಕೈಗೆ ಸಿಕ್ಕಿದ್ದೆಲ್ಲ ತಗೊಂಡು ಹೋದ್ರೆ ಎರಡು ವರ್ಷದಲ್ಲಿ ನಿಮ್ಮ ಹತ್ರ ಬಣ್ಣಬಣ್ಣದ ಕಾಗದದ ಒಂದು ರಾಶಿ ಇರತ್ತೆ, ಕಲೆಕ್ಷನ್ ಇರಲ್ಲ. ಅದಕ್ಕೆ ಪ್ರತಿ ನೋಟು ಕೈಗೆ ಬಂದಾಗ್ಲೂ ಒಂದೇ ಒಂದು ಪ್ರಶ್ನೆ ಹಾಕ್ಕೊಳಿ: ಇದು ನಿಜವಾಗ್ಲೂ ದುಡ್ಡಾಗಿ ಓಡಾಡಿತ್ತಾ, ಇದನ್ನ ಕೊಟ್ಟು ಯಾರಾದ್ರೂ ಬ್ರೆಡ್ಡೋ ಆಲೂಗಡ್ಡೆನೋ ತಗೊಂಡಿದ್ರಾ, ಇಲ್ಲಾ ಆಗಿನ ಕಾಲದ ಕಲೆಕ್ಟರ್‌ಗಳಿಗೆ ಮಾರೋಕೆ ಅಂತಾನೇ ಛಾಪಿಸಿದ್ದಾ? ಎರಡೂ ನೋಟ್‌ಗೆಲ್ಡೇ, ಎರಡೂ ಅಸಲಿನೇ, ಆದ್ರೆ ಒಂದೇ ಅಲ್ಲ. ಈ ವ್ಯತ್ಯಾಸ ಗೊತ್ತಾಗ್ಬೇಕಂದ್ರೆ ಹಿನ್ನೆಲೆ ಸ್ವಲ್ಪ ತಿಳ್ಕೋಬೇಕು, ಸ್ವಲ್ಪ ತಾಳ್ಮೆಯಿಂದ ಓದಿ.

1914ರ ಜುಲೈ 31ಕ್ಕೆ ಜರ್ಮನಿಯ ಸೆಂಟ್ರಲ್ ಬ್ಯಾಂಕು, ಅಂದ್ರೆ ರೈಷ್‌ಬ್ಯಾಂಕು, ನೋಟಿಗೆ ಬದಲಾಗಿ ಚಿನ್ನ ಕೊಡೋದನ್ನ ನಿಲ್ಲಿಸ್ತು. ಆಗಸ್ಟ್ ಮೊದಲ ವಾರಕ್ಕೆಲ್ಲ ಯುದ್ಧ ಶುರು. ಜನ ಏನ್ ಮಾಡ್ತಾರೆ, ಕೈಲಿರೋ ಚಿನ್ನದ ಬೆಳ್ಳಿಯ ನಾಣ್ಯನೆಲ್ಲ ಮನೇಲಿ ಮುಚ್ಚಿಟ್ಟುಬಿಟ್ರು, ಪೇಟೆಲಿ ಚಿಲ್ಲರೆ ಮಾಯ. ನಮ್ಮ ಕಡೆ ಚಿಲ್ಲರೆ ಇಲ್ಲ ಅಂತ ಅಂಗಡಿಯವ್ರು ಎರಡು ಚಾಕ್ಲೇಟ್ ಕೈಗಿಡ್ತಾರಲ್ಲ, ಆ ಥರದ ಪರಿಸ್ಥಿತಿ ಇಡೀ ದೇಶಕ್ಕೆ ಬಂತು ಅನ್ಕೊಳಿ. ಸಂಬಳ ಕೊಡೋಕೆ ಫ್ಯಾಕ್ಟರಿ ಹತ್ರ ಸಣ್ಣ ದುಡ್ಡಿಲ್ಲ, ಸಾಮಾನು ಕೊಡೋಕೆ ಅಂಗಡಿ ಹತ್ರ ವಾಪಸ್ ಕೊಡೋ ಚಿಲ್ಲರೆ ಇಲ್ಲ. ಆಗ ಪೂರ್ವ ಪ್ರಷ್ಯ, ಅಲ್ಸೇಸ್ ಥರದ ಗಡಿ ಭಾಗದಲ್ಲೂ ದೇಶದೊಳಗಿನ ಕೆಲವು ಊರಲ್ಲೂ ಪುರಸಭೆಯವ್ರೇ ಚೀಟಿ ಹೊರಡಿಸಿದ್ರು. ಸಾದಾ ಕಾಗದ, ಕೆಲವು ಸಲ ರಟ್ಟು, ಟೈಪ್ ಮಾಡಿದ್ದು ಇಲ್ಲಾ ಊರಿನ ಪ್ರೆಸ್ಸಲ್ಲಿ ಅಚ್ಚುಮೊಳೆ ಜೋಡಿಸಿ ಹೊಡೆದದ್ದು, ಕೆಳಗೆ ಇಂಕಿನ ಸಹಿ, ಒಂದು ರಬ್ಬರ್ ಸೀಲು, ಅಷ್ಟೇ. ಅಂದಚಂದ ಏನೂ ಇಲ್ಲ. ಇದು ಮೊದಲನೇ ಹಂತ. ನನಗೆ ಇಡೀ ನೋಟ್‌ಗೆಲ್ಡ್‌ನಲ್ಲಿ ಇಷ್ಟ ಆಗೋದು ಇವೇ, ಯಾಕಂದ್ರೆ ಆ ಊರಿನ ಗಾಬರಿ ಆ ಚೀಟಿ ಮೇಲೇ ಕಾಣತ್ತೆ. ಆದ್ರೆ ಹೊಸಬರು ಇದಕ್ಕೆ ಕೈ ಹಾಕ್ಬೇಡಿ, ರೇಟೂ ಜಾಸ್ತಿ, ನಕಲಿ ಮಾಡೋದೂ ತೀರ ಸುಲಭ, ಅದ್ರ ವಿಷಯ ಮುಂದೆ ಹೇಳ್ತೀನಿ.

ಎರಡನೇ ಹಂತ 1916ರಿಂದ 1919ರ ಸುಮಾರಿಗೆ. ಯುದ್ಧ ಬೇಗ ಮುಗಿಯತ್ತೆ ಅಂತಿದ್ದವ್ರಿಗೆ ಮುಗಿಯಲ್ಲ ಅಂತ ಗೊತ್ತಾಯ್ತು, ತಾಮ್ರ ನಿಕಲ್ ಎಲ್ಲ ಮದ್ದುಗುಂಡಿನ ಕಾರ್ಖಾನೆಗೆ ಬೇಕಾಯ್ತು, ಹಾಗಾಗಿ ನಿಕಲ್ ನಾಣ್ಯ ವಾಪಸ್ ತಗೊಂಡು 1915ರಿಂದ ಕಬ್ಬಿಣದ್ದು, ಆಮೇಲೆ 1917ರಲ್ಲಿ ಸತುವಿನದ್ದು ಟಂಕಿಸಿದ್ರು. ಅದೂ ಸಾಕಾಗ್ಲಿಲ್ಲ. ಊರುಗಳು 10, 25, 50 ಫೆನಿಗ್‌ನ ಸಣ್ಣ ಸಣ್ಣ ನೋಟು ಛಾಪಿಸಿದ್ವು, ಬಸ್ ಟಿಕೆಟ್ ಸೈಜಿನವೂ ಇವೆ. ನೂರು ಫೆನಿಗ್ ಸೇರಿದ್ರೆ ಒಂದು ಮಾರ್ಕ್. ಇವು ನಿಜವಾಗ್ಲೂ ಕೈಯಿಂದ ಕೈಗೆ ಹೋದ ನೋಟುಗಳು, ಮಡಚಿ, ಬೆವರಿ, ಅಂಚು ಸವೆದು ಬರ್ತವೆ. 1918ರ ಚಳಿಗಾಲದ ಮುಂಚೆ ಯುದ್ಧ ಸೋಲೋ ಸೂಚನೆ ಬಂದಾಗ ಜನ ಮತ್ತೆ ದುಡ್ಡು ಬಚ್ಚಿಡೋಕೆ ಶುರು ಮಾಡಿದ್ರು, ರೈಷ್‌ಬ್ಯಾಂಕೇ ದೊಡ್ಡ ಊರುಗಳಿಗೆ ನೀವೇ 5, 10, 20, 50 ಮಾರ್ಕ್ ನೋಟು ಹೊರಡಿಸಿ ಅಂತು. ಅವು ಸೈಜಲ್ಲೂ ದೊಡ್ಡವು, ವಾಟರ್‌ಮಾರ್ಕ್ ಇರೋ ಒಳ್ಳೇ ಕಾಗದ, ಸೀರಿಯಲ್ ನಂಬರು, ಎಲ್ಲ ನೀಟು. ಹೊಸಬರಿಗೆ ನನ್ನ ಸಲಹೆ ಈ ಹಂತದಿಂದ ಶುರು ಮಾಡಿ. ರೇಟ್ ಕೈಗೆಟುಕತ್ತೆ, ಕಥೆ ಸಾಚಾ, ನಕಲಿ ಕಮ್ಮಿ ಯಾಕಂದ್ರೆ ಇಷ್ಟು ಕಮ್ಮಿ ಬೆಲೆಗೆ ಸಿಗೋದನ್ನ ನಕಲಿ ಮಾಡಿ ಯಾರಿಗೂ ಲಾಭ ಇಲ್ಲ.

ಮೂರನೇದೇ ಎಲ್ರನ್ನೂ ಮರುಳು ಮಾಡೋ ಹಂತ. ಊರುಗಳಿಗೆ ಒಂದು ವಿಷಯ ಗೊತ್ತಾಗೋಯ್ತು, ಈ ನೋಟನ್ನ ಜನ ಆಲ್ಬಮ್ಮಲ್ಲಿ ಹಾಕಿಡ್ತಾರೆ, ವಾಪಸ್ ತಂದು ದುಡ್ಡು ಕೇಳಲ್ಲ ಅಂತ. ವಾಪಸ್ ಬರದೇ ಇರೋ ನೋಟು ಅಂದ್ರೆ ಪುರಸಭೆಗೆ ಪೂರ್ತಿ ಲಾಭ. 1920ರಿಂದ 1922ರವರೆಗೆ ಸೀರೀಸ್ ನೋಟುಗಳ ಹೊಳೆನೇ ಹರೀತು, ಆರಾರು ನೋಟಿನ ಸೆಟ್ಟು, ಪ್ರತಿ ನೋಟಲ್ಲೂ ಕಥೆಯ ಒಂದೊಂದು ದೃಶ್ಯ, ಸೆಟ್ಟನ್ನ ಕವರಲ್ಲಿ ಹಾಕಿ ಮಾರೋದು. ಹಾಮೆಲ್ನ್ ಊರಿನವ್ರು ನಮಗೆಲ್ಲ ಕಿಂದರಿಜೋಗಿ ಅಂತ ಗೊತ್ತಿರೋ ಆ ಇಲಿ ಓಡಿಸೋನ ಕಥೆನೇ ನೋಟ್ ಮೇಲೆ ಹಾಕಿದ್ರು. ನೌಂಬರ್ಗ್ ಊರಿನವ್ರು ಹುಸ್ಸೈಟ್ ಅನ್ನೋ ಧಾರ್ಮಿಕ ಬಂಡಾಯಗಾರರ ಸೈನ್ಯ ಊರಿಗೆ ಮುತ್ತಿಗೆ ಹಾಕಿದಾಗ ಮಕ್ಕಳು ಹೋಗಿ ಬೇಡ್ಕೊಂಡ್ರು ಅನ್ನೋ ಚೆರ್ರಿ ಹಬ್ಬದ ದಂತಕಥೆ ಹಾಕಿದ್ರು, ವಾಲ್ಟರ್ ಹೇಗೆ (Walter Hege) ಅನ್ನೋ ಕಲಾವಿದ ಕಪ್ಪು ನೆರಳು-ಚಿತ್ರದಲ್ಲಿ ಬರೆದದ್ದು, ನಿಜಕ್ಕೂ ಅದ್ಭುತವಾಗಿದೆ. ಲಿನನ್ ಬಟ್ಟೆಗೆ ಹೆಸರಾದ ಬೀಲೆಫೆಲ್ಡ್ ಊರಿನ ಸೇವಿಂಗ್ಸ್ ಬ್ಯಾಂಕು ರೇಷ್ಮೆ, ಲಿನನ್, ವೆಲ್ವೆಟ್ ಮೇಲೇ ನೋಟು ಹೊಡೀತು, ಓಸ್ಟರ್‌ವೀಕ್‌ನವ್ರು ಚರ್ಮದ ಮೇಲೆ, ಮೈಸೆನ್‌ನಲ್ಲಿ ಪಿಂಗಾಣಿಯ ನಾಣ್ಯನೇ ಮಾಡಿದ್ರು. 1920ರಲ್ಲಿ ಶ್ಲೆಸ್ವಿಗ್ ಪ್ರಾಂತ್ಯ ಜರ್ಮನಿಗೋ ಡೆನ್ಮಾರ್ಕಿಗೋ ಅಂತ ಜನಮತ ನಡೆದಾಗ ಅದಕ್ಕೂ ನೋಟು ಬಂತು. ಕೊನೆಗೆ ಸರ್ಕಾರಕ್ಕೆ ಸಾಕಾಗಿ 1922ರ ಜುಲೈ 17ರ ಕಾನೂನಿಂದ ಈ ಆಟ ನಿಲ್ಲಿಸ್ತು.

ಸೀರೀಸ್ ನೋಟು ತಗೋಬೇಡಿ ಅಂತ ನಾನು ಹೇಳ್ತಿಲ್ಲ, ನೌಂಬರ್ಗ್ ಸೆಟ್ಟು ಬೇಡ ಅನ್ನೋಕೆ ಕಲ್ಲು ಮನಸ್ಸು ಬೇಕು. ಆದ್ರೆ ಅದು ಯುದ್ಧಕಾಲದ ದುಡ್ಡು ಅಂತ ಮಾತ್ರ ಅಂದ್ಕೋಬೇಡಿ. ಕೆಲವು ನೋಟಿನ ಮೇಲೆ ಛಾಪಿಸಿರೋ ಕೊನೇ ತಾರೀಕು ನೋಡಿದ್ರೆ ನಗು ಬರತ್ತೆ, ನೋಟು ಕೈಗೆ ಬರೋ ಹೊತ್ತಿಗೆ ಗಡುವೇ ಮುಗಿದಿರತ್ತೆ, ಬದಲಾಯ್ಸೋಕೆ ಯಾರಿಗೂ ಅವಕಾಶನೇ ಇಲ್ಲ. ಇನ್ನೊಂದು ವಿಷಯ, ಚಂದ ಅಂತ ತಗೊಂಡಿರೋ ಸೆಟ್ಟಲ್ಲಿ ಯಹೂದಿಗಳನ್ನ ಹೀಯಾಳಿಸೋ ಚಿತ್ರ, ಕಳ್ಕೊಂಡ ವಸಾಹತು ವಾಪಸ್ ಬೇಕು ಅನ್ನೋ ಪ್ರಚಾರ ಎಲ್ಲ ಇರತ್ತೆ. ಏನ್ ಬರೆದಿದೆ ಅಂತ ಓದಿ ತಿಳ್ಕೊಂಡು ಇಟ್ಕೊಳಿ, ಸುಮ್ನೆ ಫ್ರೇಮ್ ಹಾಕಿ ಮನೆ ಹಾಲ್‌ನಲ್ಲಿ ನೇತಾಕೋಕೆ ಹೋಗ್ಬೇಡಿ.

ನಾಲ್ಕನೇದು 1922ರ ಕೊನೆಯಿಂದ 1923ರ ಹುಚ್ಚು ಹಣದುಬ್ಬರ. ಯುದ್ಧ ಮುಗಿದು ನಾಲ್ಕು ವರ್ಷ ಆಗಿತ್ತು, ಆದ್ರೂ ಇದು ಯುದ್ಧದ್ದೇ ಬಾಲ, ಸಾಲ ಮಾಡಿ ಯುದ್ಧ ನಡೆಸಿದ್ದು, ಆಮೇಲೆ ಗೆದ್ದ ದೇಶಗಳಿಗೆ ಕೊಡ್ಬೇಕಾದ ಪರಿಹಾರದ ಹೊರೆ, 1923ರ ಜನವರಿಲಿ ಫ್ರಾನ್ಸ್ ಮತ್ತೆ ಬೆಲ್ಜಿಯಂ ಸೈನ್ಯ ಜರ್ಮನಿಯ ಕಲ್ಲಿದ್ದಲು-ಉಕ್ಕಿನ ರೂರ್ ಪ್ರದೇಶ ಹಿಡ್ಕೊಂಡಾಗ ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿದ್ರು, ಅವ್ರಿಗೆ ಸರ್ಕಾರ ನೋಟು ಛಾಪಿಸಿಯೇ ಸಂಬಳ ಕೊಡ್ತು. ರೈಷ್‌ಬ್ಯಾಂಕಿಗೆ 130ಕ್ಕೂ ಹೆಚ್ಚು ಪ್ರೆಸ್ಸುಗಳು ಕೆಲಸ ಮಾಡ್ತಿದ್ರೂ ಸಾಕಾಗ್ದೇ ಊರುಗಳು, ರೈಲ್ವೆ, ಬಿಎಎಸ್ಎಫ್, ಬೇಯರ್ ಥರದ ಕೆಮಿಕಲ್ ಕಂಪನಿಗಳು ಎಲ್ರೂ ಛಾಪಿಸೋಕೆ ಕೂತ್ರು. ಬೆಳಿಗ್ಗೆ ಛಾಪಿಸಿದ್ದು ಸಂಜೆಗೆ ಬೆಲೆ ಇಲ್ಲ ಅಂದ್ರೆ ಚಿತ್ರ ಬರೆಯೋಕೆ ಯಾರಿಗೆ ಪುರುಸೊತ್ತು, ಎಷ್ಟೋ ನೋಟಿನ ಹಿಂಬದಿ ಖಾಲಿ. ಹಳೇ ನೋಟಿನ ಮೇಲೇ ಹೊಸ ಮೊತ್ತ ಕೆಂಪು ಇಂಕಲ್ಲಿ ಒತ್ತಿದ್ದೂ ಇದೆ. ಅಪವಾದ ಅಂದ್ರೆ ತುರಿಂಗಿಯ ರಾಜ್ಯದ ಮಿಲಿಯನ್ ಮಾರ್ಕ್ ನೋಟುಗಳು, ಬೌಹೌಸ್ ಅನ್ನೋ ಡಿಸೈನ್ ಸ್ಕೂಲಿನ ಹರ್ಬರ್ಟ್ ಬೇಯರ್ ಡಿಸೈನ್ ಮಾಡಿದ್ದು, ಬರೀ ಅಕ್ಷರ ಮತ್ತೆ ಪಟ್ಟಿ, ಇವತ್ತು ಮಾಡಿದ ಪೋಸ್ಟರ್ ಥರ ಇದೆ, ಡಿಸೈನ್ ಪ್ರಿಯರು ಮುಗಿಬೀಳೋದ್ರಿಂದ ರೇಟೂ ಹಾಗೇ ಇರತ್ತೆ.

ಇಲ್ಲಿ ಸಂಖ್ಯೆ ಓದೋದ್ರಲ್ಲಿ ಎಡವಟ್ಟಾಗತ್ತೆ, ಗಮನ ಇರ್ಲಿ. ಜರ್ಮನಿಲಿ ಮಿಲಿಯೋನ್ ಅಂದ್ರೆ ಹತ್ತು ಲಕ್ಷ, ಮಿಲಿಯಾರ್ಡೆ ಅಂದ್ರೆ ನೂರು ಕೋಟಿ, ಬಿಲಿಯೋನ್ ಅಂದ್ರೆ ಲಕ್ಷ ಕೋಟಿ. ಅಮೆರಿಕದ ಬಿಲಿಯನ್ ನೂರೇ ಕೋಟಿ, ಆದ್ರಿಂದ ಅಲ್ಲಿಯವ್ರ ಲೆಕ್ಕದಲ್ಲಿ ಬರೆದ ಲಿಸ್ಟಿಂಗ್ ನೋಡಿ ಜರ್ಮನ್ ನೋಟು ತಗೊಂಡ್ರೆ ಸಾವಿರ ಪಟ್ಟು ವ್ಯತ್ಯಾಸ. 1923ರ ನವೆಂಬರಲ್ಲಿ ಹೊಸ ರೆಂಟೆನ್‌ಮಾರ್ಕ್ ಬಂದಾಗ ಒಂದು ಹೊಸ ಮಾರ್ಕಿಗೆ ಒಂದು ಲಕ್ಷ ಕೋಟಿ ಹಳೇ ಮಾರ್ಕ್, ಒಂದು ಡಾಲರಿಗೆ 4.2 ಲಕ್ಷ ಕೋಟಿ. ಆ ಕೊನೇ ವಾರಗಳಲ್ಲಿ ಕೆಲವು ಊರು, ಕಂಪನಿಗಳು ಡಾಲರಿಗೆ ಕಟ್ಟಿ ಹಾಕಿದ ನೋಟು ಹೊರಡಿಸಿದ್ವು, ಮೊತ್ತ 0.42, 1.05, 2.10, 4.20 ಗೋಲ್ಡ್‌ಮಾರ್ಕ್ (ಯುದ್ಧದ ಮುಂಚಿನ ಚಿನ್ನದ ಲೆಕ್ಕದ ಮಾರ್ಕ್) ಅಂತ ವಿಚಿತ್ರವಾಗಿರತ್ತೆ, ಯಾಕಂದ್ರೆ 4.20 ಅಂದ್ರೆ ಒಂದು ಡಾಲರ್, ಉಳಿದದ್ದು ಅದ್ರ ಅರ್ಧ, ಕಾಲು, ಹತ್ತರಲ್ಲೊಂದು. ಇವಕ್ಕೆ ನಿಜವಾದ ಬೆಲೆ ಇದ್ದಿದ್ರಿಂದ ಜನ ಹೆಚ್ಚುಕಮ್ಮಿ ಎಲ್ಲಾನೂ ಬದಲಾಯ್ಸಿಕೊಂಡ್ರು, ಹಾಗಾಗಿ ಉಳಿದದ್ದು ಕಮ್ಮಿ. ಲಕ್ಷ ಕೋಟಿಯ ನೋಟು ಚೀಪು, ನಲವತ್ತೆರಡು ಫೆನಿಗ್‌ದು ದುಬಾರಿ, ನೋಡಿ ಮಜಾ.

ಸರಿ, ಈಗ ಕೆಲಸಕ್ಕೆ ಬರೋಣ. ಮೊದಲು ಒಂದು ಬೇಲಿ ಹಾಕ್ಕೊಳಿ. ಇಡೀ ಜರ್ಮನಿ ಕಲೆಕ್ಟ್ ಮಾಡ್ತೀನಿ ಅನ್ನೋದು ಆಗದ ಮಾತು. ಒಂದು ಪ್ರಾಂತ್ಯ ಹಿಡ್ಕೊಳಿ, ಇಲ್ಲಾ ಒಂದೇ ಊರಿನ 1914ರಿಂದ 1923ರವರೆಗಿನ ಎಲ್ಲ ನೋಟು ಹುಡುಕಿ. ನನ್ನ ಕೇಳಿದ್ರೆ ಊರು ಹಿಡಿಯೋದೇ ಒಳ್ಳೇದು. ಸಾಧಾರಣ ಸೈಜಿನ ಊರು, ಅಲ್ಲೊಂದು ಫ್ಯಾಕ್ಟರಿ, ಒಂದು ಪುರಸಭೆ, ಒಂದು ಬ್ಯಾಂಕು ಮೂರೂ ನೋಟು ಹೊರಡಿಸಿರ್ಬೇಕು, ಆಗ 50 ಫೆನಿಗ್‌ನಿಂದ ಶುರುವಾಗಿ ಕೋಟಿಗಟ್ಲೆ ಮಾರ್ಕ್ ತನಕ ಒಂದೇ ಊರಿನ ಕಥೆ ಒಂದೇ ಆಲ್ಬಮ್ಮಲ್ಲಿ ಕಾಣತ್ತೆ. ಅಲ್ಲಿ ಕೆಲಸಕ್ಕೋ ಓದೋಕೋ ಹೋಗಿರೋ ನಮ್ಮವ್ರು ಬೇಕಾದಷ್ಟು ಜನ ಇದಾರೆ, ತಾವು ಇರೋ ಊರನ್ನೇ ಹಿಡ್ಕೊಂಡ್ರೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ಊರಿನ ಮ್ಯೂಸಿಯಂ, ಆರ್ಕೈವ್ ಪಕ್ಕದಲ್ಲೇ ಇರತ್ತೆ. ಯುದ್ಧಕೈದಿಗಳ ಕ್ಯಾಂಪಿನ ದುಡ್ಡು ಅಂತ ಇನ್ನೊಂದು ದಾರಿ ಇದೆ, ಕೈದಿಗಳ ಕೈಗೆ ಅಸಲಿ ದುಡ್ಡು ಸಿಕ್ರೆ ತಪ್ಪಿಸ್ಕೊಂಡು ಓಡೋಕೆ ಅನುಕೂಲ ಆಗತ್ತೆ ಅಂತ ಕ್ಯಾಂಪಿನೊಳಗೆ ಮಾತ್ರ ನಡೆಯೋ ಚೀಟಿ ಕೊಡ್ತಿದ್ರು, ಲಾಗರ್‌ಗೆಲ್ಡ್ ಅಂತಾರೆ. ಆ ಯುದ್ಧದಲ್ಲಿ ಸೆರೆ ಸಿಕ್ಕ ಭಾರತದ ಸಿಪಾಯಿಗಳನ್ನ ಬರ್ಲಿನ್ ಹತ್ರದ ವ್ಯುನ್ಸ್‌ಡೋರ್ಫ್ ಕ್ಯಾಂಪಲ್ಲಿ ಇಟ್ಟಿದ್ರು, ಆ ಎಳೆ ಹಿಡಿದು ಹೋಗೋರಿಗೆ ಇದು ಒಳ್ಳೇ ವಿಷಯ.

ಊರಿನ ಹೆಸರಲ್ಲಿ ಮೋಸ ಹೋಗೋದು ಸುಲಭ. ನೋಯ್‌ಷ್ಟಾಟ್ ಅನ್ನೋ ಊರು ಜರ್ಮನಿಲಿ ಹೆಜ್ಜೆಗೊಂದಿದೆ, ಫ್ರಾಂಕ್‌ಫರ್ಟ್ ಎರಡಿದೆ, ಒಂದು ಮೈನ್ ನದಿ ಮೇಲೆ, ಇನ್ನೊಂದು ಓಡರ್ ನದಿ ಮೇಲೆ. ಹೆಸರಿನ ಪಕ್ಕದಲ್ಲಿ ನದಿಯೋ ಪ್ರಾಂತ್ಯವೋ ಸಣ್ಣಕ್ಷರದಲ್ಲಿ ಇರತ್ತೆ, ಅದೇ ನೋಟಿನ ನಿಜವಾದ ಅಡ್ರೆಸ್ಸು. ಮತ್ತೆ ಆಗ ಜರ್ಮನಿಲಿದ್ದ ಎಷ್ಟೋ ಊರು ಈಗ ಜರ್ಮನಿಲಿಲ್ಲ, ಬ್ರೆಸ್ಲೌ ಈಗ ಪೋಲೆಂಡಿನ ವ್ರೊತ್ಸ್ವಾಫ್, ಕೋನಿಗ್ಸ್‌ಬರ್ಗ್ ಈಗ ರಷ್ಯದ ಕಲಿನಿನ್‌ಗ್ರಾಡ್, ಮೇಮೆಲ್ ಈಗ ಲಿಥುವೇನಿಯದ ಕ್ಲೈಪೆಡ. ಅಂಥ ಊರಿನ ನೋಟಿಗೆ ಪೋಲೆಂಡಿನ ಕಲೆಕ್ಟರ್‌ಗಳೂ ಜರ್ಮನಿಯವ್ರೂ ಇಬ್ರೂ ಕೈ ಹಾಕೋದ್ರಿಂದ ಹರಾಜಲ್ಲಿ ರೇಟ್ ಏರತ್ತೆ.

ಜರ್ಮನ್ ಬರಲ್ಲ ಅಂತ ಹೆದರ್ಬೇಡಿ, ನೋಟು ಓದೋಕೆ ಹತ್ತು ಹದಿನೈದು ಪದ ಸಾಕು. ಷ್ಟಾಟ್ ಅಂದ್ರೆ ಪಟ್ಟಣ, ಗೆಮೈಂಡೆ ಅಂದ್ರೆ ಹಳ್ಳಿ ಪಂಚಾಯ್ತಿ, ಕ್ರೈಸ್ ಅಂದ್ರೆ ಜಿಲ್ಲೆ, ಗುಟ್‌ಶೈನ್ ಅಂದ್ರೆ ಇಷ್ಟು ಮೊತ್ತ ಕೊಡ್ತೀವಿ ಅನ್ನೋ ಚೀಟಿ, ಕ್ರೀಗ್ಸ್‌ಗೆಲ್ಡ್ ಅಂದ್ರೆ ಯುದ್ಧದ ದುಡ್ಡು. ಗ್ಯುಲ್ಟಿಗ್ ಬಿಸ್ ಅಂತಿದ್ರೆ ಮುಂದೆ ಬರೋದು ಗಡುವಿನ ತಾರೀಕು. ಉನ್‌ಗ್ಯುಲ್ಟಿಗ್ ಅಥವಾ ಎಂಟ್‌ವೆರ್ಟೆಟ್ ಅಂತ ಸೀಲ್ ಹೊಡೆದಿದ್ರೆ, ಇಲ್ಲಾ ತೂತು ಹೊಡೆದಿದ್ರೆ, ಅದು ರದ್ದು ಮಾಡಿದ ನೋಟು, ದುಡ್ಡು ಕೊಟ್ಟು ವಾಪಸ್ ಪಡೆದದ್ದು ಅಂತ ಅರ್ಥ. ಕೆಲವರು ಅದನ್ನ ಡ್ಯಾಮೇಜು ಅಂತಾರೆ, ನನಗೆ ಅದು ಪ್ಲಸ್ ಪಾಯಿಂಟು, ಯಾಕಂದ್ರೆ ಆ ನೋಟು ಹೊರಗೆ ಹೋಗಿ ಕೆಲಸ ಮುಗಿಸಿ ಖಜಾನೆಗೆ ವಾಪಸ್ ಬಂದಿತ್ತು ಅನ್ನೋಕೆ ಅದೇ ಸಾಕ್ಷಿ. ಆದ್ರೆ ಮಾರೋಕೆ ಮಿಕ್ಕಿದ್ದ ಹೊಸ ನೋಟಿಗೂ ರದ್ದು ಸೀಲು ಹೊಡೆದಿರ್ತಾರೆ, ಹಾಗಾಗಿ ಸೀಲಿನ ಜೊತೆ ಮಡಿಕೆ, ಕೊಳೆನೂ ನೋಡಿ. ಮುಸ್ಟರ್ ಅಂದ್ರೆ ಸ್ಯಾಂಪಲ್ಲು. ಗೂಗಲ್ ಲೆನ್ಸು ಸಾದಾ ಅಕ್ಷರನ ಓದತ್ತೆ, ಹಳೇ ಗೋಥಿಕ್ ಅಕ್ಷರಕ್ಕೆ ತಡಬಡಾಯಿಸತ್ತೆ, ಅದ್ರಲ್ಲಿ ಎಸ್ ಅಕ್ಷರ ಎಫ್ ಥರಾನೇ ಕಾಣೋದ್ರಿಂದ ಊರಿನ ಹೆಸರೇ ಬದಲಾಗಿ ಹೋಗತ್ತೆ, ಗೋಥಿಕ್ ವರ್ಣಮಾಲೆಯ ಒಂದು ಚಾರ್ಟ್ ಪ್ರಿಂಟ್ ತೆಗೆದು ಆಲ್ಬಮ್ ಜೊತೆ ಇಟ್ಕೊಳಿ.

ಕ್ಯಾಟಲಾಗ್ ನಂಬರಿಲ್ಲದೆ ಈ ಫೀಲ್ಡಲ್ಲಿ ಮಾತೇ ನಡೆಯಲ್ಲ. ಹಳೇ ಕಾಲದ್ದು ಆರ್ನಾಲ್ಡ್ ಕೆಲ್ಲರ್ ಮಾಡಿದ ಪಟ್ಟಿಗಳು, ಈಗಿನ ಸೀರೀಸ್ ನೋಟಿಗೆ ಗ್ರಾಬೋವ್‌ಸ್ಕಿ ಮತ್ತೆ ಮೆಹ್ಲ್ ಅವರದ್ದು, ಮಾರೋರು ಬರೆಯೋ ನಂಬರು ಸಾಮಾನ್ಯವಾಗಿ ಇದೇ. ಪುಸ್ತಕಗಳು ದುಬಾರಿ, ಬಿಟ್ಟಿಯಾಗಿ ಬೇಕಂದ್ರೆ ನ್ಯೂಮಿಸ್ಟಾ ಸೈಟಲ್ಲಿ ಊರಿನ ಹೆಸರು ಹಾಕಿ ಹುಡುಕಿ, ಪೂರ್ತಿ ಇಲ್ಲ ಆದ್ರೆ ಶುರುಗೆ ಸಾಕು. ಒಂದೇ ನೋಟಲ್ಲಿ ವಾಟರ್‌ಮಾರ್ಕ್ ಬೇರೆ, ನಂಬರಿನ ಬಣ್ಣ ಬೇರೆ, ಸಹಿ ಬೇರೆ ಅಂತ ಐದಾರು ಬಗೆ ಇರತ್ತೆ, ಎಲ್ಲಾನೂ ಹುಡುಕೋ ಗೀಳಿಗೆ ಬೀಳ್ಬೇಡಿ, ಅದು ತೋಡಿದಷ್ಟೂ ಆಳ.

ಎಲ್ಲಿ ತಗೊಳೋದು? ಜರ್ಮನ್ ಇಬೇ, ಮಾ-ಶಾಪ್ಸ್ ಥರದ ಡೀಲರ್ ಸೈಟುಗಳು, ಹರಾಜು ಮನೆಗಳು. ನಮ್ಮಲ್ಲಿ ಬೆಂಗಳೂರಲ್ಲಿ ನಡೆಯೋ ನಾಣ್ಯ-ನೋಟಿನ ಎಕ್ಸಿಬಿಷನ್‌ಗಳಲ್ಲಿ ವಿದೇಶಿ ನೋಟಿನ ಡಬ್ಬಿಲಿ ಕೈ ಆಡಿಸಿದ್ರೆ ಒಂದೊಂದು ಸಲ ಸಿಗತ್ತೆ, ಅವ್ರಿಗೆ ಅದ್ರ ಬೆಲೆನೂ ಗೊತ್ತಿರಲ್ಲ, ಒಳ್ಳೇದಕ್ಕೂ ಕೆಟ್ಟದ್ದಕ್ಕೂ ಎರಡಕ್ಕೂ, ಅಂದ್ರೆ ಎರಡು ಯೂರೋ ನೋಟಿಗೆ ಸಾವಿರ ರೂಪಾಯಿನೂ ಹೇಳ್ತಾರೆ. ಒಂದೊಂದೇ ನೋಟು ತರಿಸಿದ್ರೆ ಪೋಸ್ಟೇಜೇ ನೋಟಿಗಿಂತ ಜಾಸ್ತಿ ಆಗತ್ತೆ, ಆದ್ರಿಂದ ಒಬ್ಬನೇ ಮಾರಾಟಗಾರನ ಹತ್ರ ಲಾಟ್, ಅಂದ್ರೆ ಒಂದಷ್ಟು ನೋಟು ಒಟ್ಟಿಗೆ ತಗೊಳಿ, ಕಸ್ಟಮ್ಸ್ ಸುಂಕ ಬೀಳೋ ಚಾನ್ಸ್ ಇದೆ ಅಂತಾನೂ ಲೆಕ್ಕ ಇಟ್ಕೊಳಿ. ನೂರು ಇನ್ನೂರು ನೋಟಿನ ಮಿಕ್ಸ್ ಲಾಟು ನೋಡೋಕೆ ಆಸೆ ಹುಟ್ಸತ್ತೆ, ಒಳಗೆ ಮುಕ್ಕಾಲು ಪಾಲು ಅದೇ ಅದೇ ಸೀರೀಸ್ ನೋಟು ಇರತ್ತೆ, ಕಣ್ಣು ಪಳಗ್ಲಿ ಅಂತ ಒಂದ್ಸಲ ತಗೊಂಡ್ರೆ ಸಾಕು. ಹಳೇ ಮನೆ ಖಾಲಿ ಮಾಡುವಾಗ ಸಿಕ್ಕ ಆಲ್ಬಮ್ಮು ಪೂರ್ತಿಯಾಗಿ ಮಾರಾಟಕ್ಕಿದ್ರೆ ಅದನ್ನ ನೋಡಿ, ಆಗಿನ ಕಾಲದಲ್ಲೇ ಒಬ್ಬ ಕೂಡಿಸಿಟ್ಟದ್ದು ಅದು. ಕಂಡೀಷನ್ ಬಗ್ಗೆ ಜರ್ಮನ್ ಮಾರಾಟಗಾರರು ಕಾಸೆನ್‌ಫ್ರಿಶ್ ಅಂದ್ರೆ ಒಂದೂ ಮಡಿಕೆ ಇಲ್ದಿರೋ ಹೊಸ ನೋಟು ಅಂತ. ಸೀರೀಸ್ ನೋಟಿಗೆ ಇದು ಬೇಕೇ ಬೇಕು, ಅವು ಹಾಗೇ ಮಾರಿದ್ದಲ್ವಾ. 1916-19ರ ಚಿಲ್ಲರೆ ನೋಟಿಗೆ ಮಾತ್ರ ಅತೀ ಹೊಸದಾಗಿ ಕಂಡ್ರೆ ಯಾಕೆ ಅಂತ ಕೇಳ್ಕೊಳಿ, ಮಧ್ಯದಲ್ಲೊಂದು ಮಡಿಕೆ, ಅಂಚಲ್ಲಿ ಸ್ವಲ್ಪ ಸವೆತ ಇರೋದನ್ನ ನಾನು ಖುಷಿಯಿಂದ ತಗೋತೀನಿ, ಹರಿದು ಟೇಪ್ ಅಂಟಿಸಿದ್ದು ಬೇಡ.

ಇನ್ನು ನಕಲಿ. ಕೈಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿ ಮತ್ತೆ ಒಂದು ಯುವಿ ಟಾರ್ಚ್ ಇರ್ಲಿ, ಎರಡೂ ಸೇರಿ ಕೆಲವು ನೂರು ರೂಪಾಯಿ ಅಷ್ಟೇ. ಎರಡನೇ ಮಹಾಯುದ್ಧ ಆದ್ಮೇಲೆ ಕಾಗದಕ್ಕೆ ಬಿಳುಪು ಬರ್ಲಿ ಅಂತ ಒಂದು ಕೆಮಿಕಲ್ ಹಾಕೋಕೆ ಶುರು ಮಾಡಿದ್ರು, ಅದು ಯುವಿ ಬೆಳಕಲ್ಲಿ ನೀಲಿಯಾಗಿ ಝಗ್ಗಂತ ಹೊಳೆಯತ್ತೆ. 1914ರ ಕಾಗದ ಹಾಗೆ ಹೊಳೆಯಬಾರ್ದು, ಮಂಕಾಗಿ ಇರ್ಬೇಕು. ಹೊಳೆದ್ರೆ ವಾಪಸ್ ಕೊಡಿ, ವಾದ ಬೇಡ. ಹೊಳೀಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲ್ಲ, ಹಳೇ ಪುಸ್ತಕದ ಖಾಲಿ ಹಾಳೆ ಕಿತ್ತು ಅದ್ರ ಮೇಲೆ ಛಾಪಿಸೋರೂ ಇದಾರೆ. ಭೂತಗನ್ನಡಿಲಿ ನೋಡಿದಾಗ ಬಣ್ಣ ಸಣ್ಣ ಸಣ್ಣ ನಾಲ್ಕು ಬಣ್ಣದ ಚುಕ್ಕಿಗಳಾಗಿ ಒಡೆದು ಕಂಡ್ರೆ ಅದು ಹೆಚ್ಚಾಗಿ ಈಗಿನ ಕಾಲದ ಪ್ರಿಂಟು. ಮೊಳೆ ಜೋಡಿಸಿ ಹೊಡೆದ ಅಕ್ಷರ, ಸೀರಿಯಲ್ ನಂಬರು ಕಾಗದದೊಳಗೆ ಸ್ವಲ್ಪ ಒತ್ತಿದ ಹಾಗಿರತ್ತೆ, ಹಿಂಬದಿ ಬೆರಳಾಡಿಸಿದ್ರೆ ಗೊತ್ತಾಗತ್ತೆ. ಟೈಪ್ ಮಾಡಿ ಸೀಲ್ ಹೊಡೆದ 1914ರ ಚೀಟಿಗಳಿಗೆ ಮಾತ್ರ ಈ ಉಪಾಯ ಪೂರ್ತಿ ನಡೆಯಲ್ಲ. ಹಳೇ ಟೈಪ್‌ರೈಟರು, ಹಳೇ ಕಾಗದ, ಮಾಡಿಸಿದ ಸೀಲು ಇದ್ರೆ ಯಾರ್ ಬೇಕಾದ್ರೂ ಮಾಡ್ಬೋದು, ಅದೂ ಅಲ್ದೆ ಆಗಿನ ಕಾಲದಲ್ಲೇ ಕಲೆಕ್ಟರ್‌ಗಳಿಗೆ ಅಂತ ಮರುಮುದ್ರಣ ಮಾಡಿದ್ದೂ ಇದೆ. ಅದಕ್ಕೇ ಇಂಥದ್ದನ್ನ ಹೆಸರಿರೋ ಡೀಲರ್ ಹತ್ರ, ಅಸಲಿ ಅಲ್ಲ ಅಂದ್ರೆ ದುಡ್ಡು ವಾಪಸ್ ಅಂತ ಬರೆದು ಕೊಟ್ರೆ ಮಾತ್ರ ತಗೊಳಿ.

ಇಡೋ ವಿಷಯದಲ್ಲಿ ನಮ್ಮ ಹವೆ ನಮಗೇ ಶತ್ರು. ಯುದ್ಧದ ಟೈಮಿನ ಕಾಗದ ಬಹಳಷ್ಟು ಮರದ ತಿರುಳಿಂದ ಮಾಡಿದ ಕಳಪೆ ಕಾಗದ, ಒಳಗೇ ಆಮ್ಲ ಇರತ್ತೆ, ಬಿಸಿಲಿಗೆ ಹಳದಿಯಾಗಿ ಪುಡಿಯಾಗತ್ತೆ. ಅಂಗಡಿಲಿ ಸಿಗೋ ಚೀಪ್ ಪಿವಿಸಿ ಆಲ್ಬಮ್ ಬೇಡ, ಕೆಲವು ವರ್ಷಕ್ಕೆ ಅಂಟಂಟಾಗಿ ನೋಟಿನ ಇಂಕನ್ನೇ ಎಳ್ಕೊಳತ್ತೆ. ಪಾಲಿಪ್ರೊಪಿಲಿನ್ ಅಥವಾ ಪಾಲಿಯೆಸ್ಟರ್ ಅಂತ ಬರೆದಿರೋ ಪಾರದರ್ಶಕ ಕವರು ತಗೊಳಿ. ಲ್ಯಾಮಿನೇಷನ್ ಮಾಡಿಸಿದ್ರೆ ಆ ನೋಟಿನ ಕಥೆ ಅಲ್ಲಿಗೇ ಮುಗೀತು. ಇಸ್ತ್ರಿ ಹಾಕೋದು, ಸೋಪಿನ ನೀರಲ್ಲಿ ತೊಳೆಯೋದು, ರಬ್ಬರಲ್ಲಿ ಉಜ್ಜೋದು ಯಾವ್ದೂ ಬೇಡ, ರೇಷ್ಮೆ ನೋಟಿಗಂತೂ ನೀರು ಸೋಕಿಸ್ಬೇಡಿ, ಬಣ್ಣ ಬಿಡತ್ತೆ. ಮಲೆನಾಡು ಕರಾವಳಿ ಕಡೆಯವ್ರು ಮಳೆಗಾಲದಲ್ಲಿ ಆಲ್ಬಮ್ಮನ್ನ ಗಾಳಿ ಆಡದ ಬೀರು ಒಳಗೆ, ಹೊರಗಿನ ಗೋಡೆಗೆ ತಾಗಿಸಿ ಇಡ್ಬೇಡಿ, ಮುಚ್ಚಳ ಟೈಟಾಗಿರೋ ಡಬ್ಬಿಲಿ ಸಿಲಿಕಾ ಜೆಲ್ ಹಾಕಿ ಇಟ್ಟು, ಆ ಜೆಲ್ಲನ್ನ ಆಗಾಗ ಬದಲಾಯ್ಸಿ. ಹುಳ ಬರ್ದೇ ಇರ್ಲಿ ಅಂತ ನುಸಿಗುಳಿಗೆನ ನೋಟಿನ ಪಕ್ಕದಲ್ಲೇ ಇಡೋ ಅಭ್ಯಾಸ ಬೇಡ, ವಾಸನೆ ಹೋಗಲ್ಲ, ಪ್ಲಾಸ್ಟಿಕ್ಕಿಗೂ ಒಳ್ಳೇದಲ್ಲ. ಹಳೇ ಆಲ್ಬಮ್ಮಿಂದ ಬಂದ ನೋಟಿನ ಹಿಂದೆ ಗೋಂದಿನ ಚೂರು ಇದ್ರೆ ಕೀಳೋಕೆ ಹೋಗ್ಬೇಡಿ, ಹಾಗೇ ಬಿಡಿ.

ಜರ್ಮನಿ ಸಾಕಾಯ್ತು ಅನ್ಸಿದ್ರೆ ಹೋಗೋಕೆ ದಾರಿ ಬೇಕಾದಷ್ಟಿದೆ. ಪಕ್ಕದ ಆಸ್ಟ್ರಿಯಾದಲ್ಲಿ 1920ರಲ್ಲಿ ಸಣ್ಣ ಸಣ್ಣ ಹಳ್ಳಿಗಳೂ 10, 20, 50 ಹೆಲ್ಲರ್ ನೋಟು ಹೊರಡಿಸಿದ್ವು, ತುಂಬಾ ಚೀಪು, ಮುದ್ದಾಗಿವೆ, ಆದ್ರೆ ಅಲ್ಲೂ ಕಲೆಕ್ಟರ್‌ಗೆ ಅಂತ ಮಾಡಿದ್ದು ಬೇಕಾದಷ್ಟು. ಫ್ರಾನ್ಸಲ್ಲಿ ಊರಿನ ವ್ಯಾಪಾರಿಗಳ ಚೇಂಬರ್ ಆಫ್ ಕಾಮರ್ಸ್‌ಗಳು 50 ಸೆಂಟೀಮ್, 1 ಫ್ರಾಂಕ್, 2 ಫ್ರಾಂಕ್ ನೋಟು ಹೊರಡಿಸಿದ್ವು, ಅವು ಚೆನ್ನಾಗಿ ಓಡಾಡಿದ ನೋಟು, ಬಹಳಷ್ಟು ತುಂಬಾ ಸವೆದೇ ಸಿಗ್ತವೆ. ಫಿಲಿಪೀನ್ಸ್‌ನ ಎರಡನೇ ಮಹಾಯುದ್ಧದ ಗೆರಿಲ್ಲಾ ನೋಟು ಇದೆಯಲ್ಲ, ಅದು ಬೇರೆ ಲೆವೆಲ್ಲು, ಜಪಾನ್ ಸೈನ್ಯ ಬಂದ್ಮೇಲೂ ನೆಗ್ರೋಸ್, ಬೊಹೋಲ್, ಮಿಂಡನಾವೋ ಕಡೆ ಪ್ರಾಂತ್ಯದ ಕರೆನ್ಸಿ ಕಮಿಟಿಗಳು ಸಿಕ್ಕ ಕಾಗದದ ಮೇಲೆ ಪೇಸೋ ನೋಟು ಛಾಪಿಸಿದ್ರು, ಜಪಾನಿಯರ ಕೈಗೆ ಸಿಕ್ಕಿಬಿದ್ರೆ ತಲೆ ಹೋಗೋದು. ಆ ನೋಟುಗಳು ಈಗ್ಲೂ ಕಮ್ಮಿ ರೇಟಿಗೆ ಸಿಗ್ತವೆ. ದಕ್ಷಿಣ ಆಫ್ರಿಕದ ಮಾಫೆಕಿಂಗ್ ಮುತ್ತಿಗೆಯ 1900ರ ನೋಟು, ಮುತ್ತಿಗೆಗೆ ಸಿಕ್ಕ ಬ್ರಿಟಿಷ್ ಸೈನ್ಯದ ಮುಖ್ಯಸ್ಥ ಬೇಡನ್-ಪೊವೆಲ್ ತಾನೇ ಚಿತ್ರ ಬರೆದ ಒಂದು ಪೌಂಡಿನದ್ದು ಇದೆ, ಅದನ್ನ ಮ್ಯೂಸಿಯಮ್ಮಲ್ಲಿ ನೋಡಿ ಸಂತೋಷ ಪಡಿ, ಆನ್‌ಲೈನಲ್ಲಿ ಚೀಪಾಗಿ ಕಂಡ್ರೆ ಅದು ನಕಲಿನೇ.

ನಮ್ಮ ದೇಶದ್ದೇ ಬೇಕಂದ್ರೆ ಅದೂ ಇದೆ. ಎರಡನೇ ಮಹಾಯುದ್ಧದಲ್ಲಿ ಇಲ್ಲೂ ಚಿಲ್ಲರೆ ಮಾಯ ಆಗಿತ್ತು, ತಾಮ್ರ ಉಳಿಸೋಕೆ 1943ರಿಂದ ಮಧ್ಯ ತೂತಿನ ಒಂದು ಪೈಸೆ ಬಂತಲ್ಲ, ಮನೇಲಿ ಅಜ್ಜಿ ಡಬ್ಬಿಲಿ ನೋಡಿರ್ತೀರ. ಅದೇ ಟೈಮಲ್ಲಿ ಕಾಠಿಯಾವಾಡ, ರಾಜಸ್ಥಾನ ಕಡೆಯ ಸಂಸ್ಥಾನಗಳು, ಬಿಕಾನೇರ್, ಜುನಾಗಢ, ನವಾನಗರ, ಮೋರ್ವಿ, ಬೂಂದಿ ಇಂಥವು, ಪೈಸೆ ಆಣೆ ಲೆಕ್ಕದ ಕ್ಯಾಶ್ ಕೂಪನ್ ಅಂತ ರಟ್ಟಿನ ಚೂರು ಹೊರಡಿಸಿದ್ವು. ಇವು ನಮ್ಮ ನೋಟ್‌ಗೆಲ್ಡೇ, ಆದ್ರೆ ಉಳಿದದ್ದು ಕಮ್ಮಿ, ಹಿಂದೆ ಬಿದ್ದೋರು ಜಾಸ್ತಿ, ರೇಟ್ ಕೇಳಿದ್ರೆ ಜರ್ಮನಿನೇ ವಾಸಿ ಅನ್ಸತ್ತೆ. ಬೆಂಗಳೂರಲ್ಲಿ ಆಗ ಇಟಲಿಯ ಯುದ್ಧಕೈದಿಗಳ ಕ್ಯಾಂಪ್ ಇತ್ತು, ಭಾರತದ ಇಂಥ ಕ್ಯಾಂಪುಗಳ ಕೂಪನ್‌ಗಳಿಗೂ ಬೇರೆ ಕಲೆಕ್ಟರ್‌ಗಳ ಗುಂಪೇ ಇದೆ. ಕಲ್ಯಾಣ ಕರ್ನಾಟಕದವ್ರಿಗೆ ಇನ್ನೊಂದು ಎಳೆ: ಮೊದಲನೇ ಯುದ್ಧದಲ್ಲಿ ಬೆಳ್ಳಿ ಕಮ್ಮಿ ಬಿದ್ದು ಬ್ರಿಟಿಷ್ ಸರ್ಕಾರ 1917ರಲ್ಲಿ ಒಂದು ರೂಪಾಯಿ ನೋಟು, 1918ರಲ್ಲಿ ಎರಡೂವರೆ ರೂಪಾಯಿ ನೋಟು ತಂತು, ಹೈದರಾಬಾದ್ ನಿಜಾಮರೂ 1918ರಲ್ಲೇ ತಮ್ಮ ಕಾಗದದ ನೋಟು ಶುರು ಮಾಡಿದ್ರು, ಆ ನೋಟಲ್ಲಿ ಕನ್ನಡದಲ್ಲೂ ಮೊತ್ತ ಬರೆದಿದೆ. ಅದು ರಾಜ್ಯದ ನೋಟು, ಊರಿನ ತುರ್ತು ನೋಟಲ್ಲ, ಆದ್ರೂ ಕಾರಣ ಅದೇ ಯುದ್ಧ, ಅದೇ ಬೆಳ್ಳಿ. ಇವನ್ನೆಲ್ಲ ಕೊಳ್ಳೋ ಮುಂಚೆ ಅಸಲಿ ಹೇಗಿರತ್ತೆ ಅಂತ ಕಣ್ಣಲ್ಲಿ ನೋಡ್ಬೇಕಂದ್ರೆ ಬೆಂಗಳೂರಿನ ಬ್ರಂಟನ್ ರೋಡಲ್ಲಿ ರಿಜ್ವಾನ್ ರಜಾಕ್ ಅವರ ಭಾರತೀಯ ಕಾಗದದ ಹಣದ ಮ್ಯೂಸಿಯಂ ಇದೆ, ಹೋಗಿ ಬನ್ನಿ.

ಕಾನೂನು ಒಂದು ಮಾತು. ವಿದೇಶದಿಂದ ತರಿಸೋದು ಬೇರೆ, ಇಲ್ಲಿನ ಹಳೇದನ್ನ ಹೊರಗೆ ಕಳಿಸೋದು ಬೇರೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತು, ಐತಿಹಾಸಿಕ ಬೆಲೆ ಇರೋ ದಾಖಲೆ ಪತ್ರವಾದ್ರೆ 75 ವರ್ಷ ದಾಟಿದ್ದು, ಖಾಸಗಿಯವ್ರು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ಸಂಸ್ಥಾನದ ಕೂಪನ್ ಕೊಟ್ಟು ಜರ್ಮನ್ ನೋಟು ತಗೊಳೋಣ ಅಂತ ವಿದೇಶದ ಗೆಳೆಯನ ಜೊತೆ ಅದಲುಬದಲು ಮಾಡ್ಕೊಳೋ ಮುಂಚೆ ಇದನ್ನ ಯೋಚ್ನೆ ಮಾಡಿ, ಡೌಟ್ ಇದ್ರೆ ಪುರಾತತ್ವ ಇಲಾಖೆಯವ್ರನ್ನ ಕೇಳಿ.

ಮತ್ತೆ ಮೊದಲ ನೋಟು ಬಂದ ದಿನದಿಂದಲೇ ಒಂದು ಎಕ್ಸೆಲ್ ಶೀಟ್ ಶುರು ಮಾಡಿ. ಊರು, ಅದು ಈಗ ಯಾವ ದೇಶದಲ್ಲಿದೆ, ಹೊರಡಿಸಿದವ್ರು ಯಾರು, ಮೊತ್ತ, ತಾರೀಕು, ಗಡುವು, ಕ್ಯಾಟಲಾಗ್ ನಂಬರು, ಯಾರ ಹತ್ರ ಎಷ್ಟಕ್ಕೆ ತಗೊಂಡ್ರಿ, ಎರಡೂ ಬದಿಯ ಸ್ಕ್ಯಾನು. ಕೊನೇ ಕಾಲಮ್ಮಲ್ಲಿ ಓಡಾಡಿದ್ದು, ಮಾರೋಕೆ ಮಾಡಿದ್ದು, ಗೊತ್ತಿಲ್ಲ ಅಂತ ಮೂರರಲ್ಲಿ ಒಂದು ಹಾಕಿ. ಶುರುಲಿ ಗೊತ್ತಿಲ್ಲ ಅನ್ನೋದೇ ಜಾಸ್ತಿ ಇರತ್ತೆ, ಇರ್ಲಿ ಬಿಡಿ, ಸುಳ್ಳು ತುಂಬಿಸ್ಬೇಡಿ. ನೋಟಿನ ಮೇಲೆ ಮಾತ್ರ ಪೆನ್ಸಿಲಲ್ಲೂ ಏನೂ ಬರೀಬೇಡಿ, ನಂಬರ್ ಹಾಕೋದಿದ್ರೆ ಕವರಿನ ಹೊರಗೆ ಒಂದು ಚೀಟಿ ಅಂಟಿಸಿ.